ಹಳೇ ಓಮ್ನಿ ಕ್ಯಾಂಪರ್ ಘಾಟಿಯಲ್ಲಿ ಮಿಸ್ ಹೊಡೆಯುತ್ತಿದೆ. ಕಾರ್ಬೊರೇಟರ್ ಬದಲಿಸಲೋ, ಎಂಜಿನ್ ಬಿಚ್ಚಿಸಲೋ?

ಎರಡೂ ಬೇಡ. ಸದ್ಯಕ್ಕಂತೂ ಬೇಡವೇ ಬೇಡ.

ಕುಮಟಾದಿಂದ ಸಿರ್ಸಿಗೆ ದೇವಿಮನೆ ಘಾಟಿ ಹತ್ತುವಾಗ ಮಾತ್ರ ಎಂಜಿನ್ ಮಿಸ್ ಆಗುತ್ತದೆ (ಸಿಲಿಂಡರ್ ಹೊತ್ತದೆ ಕುಂಟುತ್ತದೆ), ಕೆಳಗಿನ ರಸ್ತೆಯಲ್ಲಿ ಏನೂ ಇಲ್ಲ, ಮಳೆ ಬಂದರೆ ಜಾಸ್ತಿ, ಪೆಟ್ರೋಲಿನ ಮೇಲೂ ಅನುಮಾನ ಎಂದು ಬರೆದಿದ್ದೀರಿ. ನನ್ನ ಓಮ್ನಿಯದೂ ಇದೇ ಕಥೆ. ಅದೂ ಕಾರ್ಬೊರೇಟರ್ ಗಾಡಿ, 796 ಸಿಸಿ, ಮೂರು ಸಿಲಿಂಡರ್. ಹಿಂದಿನ ಸೀಟು ತೆಗೆದು ಹಲಗೆಯ ಮಂಚ ಮಾಡಿಸಿದ್ದೆ. ಮಂಚದಡಿ ಪಾತ್ರೆ, ನೀರಿನ ಕ್ಯಾನ್, ಸಣ್ಣ ಗ್ಯಾಸ್ ಒಲೆ. ಕಾರವಾರದಲ್ಲಿ ಸಮುದ್ರಕ್ಕೆ ಹತ್ತಿರದ ಮನೆ, ಗಾಡಿ ನಿಲ್ಲುತ್ತಿದ್ದದ್ದು ಅಂಗಳದಲ್ಲೇ.

ಮೊದಲು ತೋರಿಸಿದ ಗ್ಯಾರೇಜಿನವರು ಪೆಟ್ರೋಲಿನಲ್ಲಿ ಕಚ್ರಾ ಬಂದಿದೆ ಎಂದರು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದರೆ ಜೆಟ್, ಊದಿ ಕೊಟ್ಟರು. ಗಾಡಿ ಚೆನ್ನಾಗಿ ಓಡಿತು. ಮಳೆ ಬಂದದ್ದೇ ಮತ್ತೆ ಮಿಸ್. ಆಮೇಲೆ ಟ್ಯಾಂಕ್ ಇಳಿಸಿ ತೊಳೆಸಿದೆ. ಮತ್ತೆ ಕೆಲವು ದಿನ ಸರಿ, ಮತ್ತೆ ಅದೇ. ಬೇರೆ ಕಾರ್ಬೊರೇಟರ್ ಹಾಕಿಸಿದೆ. ಕೊನೆಗೆ ಇನ್ನೊಬ್ಬರು ವಾಲ್ವ್ ಹೋಗಿದೆ ಎಂದು ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಇಳಿಸಿದರು. ವಾಲ್ವ್‌ಗೆ ಏನೂ ಆಗಿರಲಿಲ್ಲ.

ನಾನು ಎಲ್ಲಿ ತಪ್ಪಿದೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದೇ ದಾರಿ ಹಿಡಿದಿದ್ದೀರಿ. ಪ್ರತಿ ಸಲವೂ ನಾನು ಗಾಡಿ ಒಯ್ದದ್ದು ಬಿಸಿಲು ಬಂದ ಮೇಲೆ, ಅದೂ ಮಧ್ಯಾಹ್ನ. ಅಷ್ಟು ಹೊತ್ತಿಗೆ ಎಂಜಿನ್ ಸುತ್ತ ಎಲ್ಲ ಒಣಗಿರುತ್ತಿತ್ತು. ಮಿಸ್ತ್ರಿಗೆ ಮಿಸ್ ಕೇಳಿಸುತ್ತಲೇ ಇರಲಿಲ್ಲ. ಅವರು ಊಹೆಯ ಮೇಲೆ ಒಂದು ಕೆಲಸ ಮಾಡುತ್ತಿದ್ದರು. ನಾನು ಒಣ ರಸ್ತೆಯಲ್ಲಿ ಒಂದು ರೌಂಡ್ ಹೊಡೆದು, ಸರಿಯಾಯಿತು ಎಂದು ದುಡ್ಡು ಕೊಟ್ಟು ಬರುತ್ತಿದ್ದೆ. ನಿಜಕ್ಕೂ ಸರಿಯಾಗಿದ್ದದ್ದು ಹವೆ. ಜೆಟ್ ಊದಿದ್ದಕ್ಕೂ ಗಾಡಿ ಓಡಿದ್ದಕ್ಕೂ ಸಂಬಂಧವೇ ಇರಲಿಲ್ಲ. ಮಳೆ ನಿಂತದ್ದಕ್ಕೆ ಓಡಿತ್ತು, ಅಷ್ಟೇ. ಇದು ಮೊದಲ ಸಲವೇ ಹೊಳೆದಿದ್ದರೆ ಟ್ಯಾಂಕ್, ಕಾರ್ಬೊರೇಟರ್, ಹೆಡ್ ಯಾವುದರ ಖರ್ಚೂ ಬರುತ್ತಿರಲಿಲ್ಲ.

ಕೊನೆಗೆ ಹಿಡಿದದ್ದು ಕುಮಟಾ ಕಡೆಯ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್. ಗಾಡಿ ಮುಟ್ಟಲೇ ಇಲ್ಲ. "ಕತ್ತಲೆ ಆಗ್ಲಿ ಮಾರಾಯ್ರೆ, ಆಮೇಲೆ ನೋಡುವ" ಎಂದರು. ರಾತ್ರಿ ಅಂಗಳದ ಲೈಟ್ ಆರಿಸಿ, ಮುಂದಿನ ಸೀಟು ಎತ್ತಿ, ಎಂಜಿನ್ ಚಾಲೂ ಮಾಡಿಸಿ, ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ಸಣ್ಣಗೆ ನೀರು ಸಿಂಪಡಿಸಿದರು. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅಂದರೆ ಕ್ಯಾಪ್, ಅದರ ಮೇಲೆ ನೀಲಿ ಕಿಡಿ ಓಡಾಡಿತು. ಎಂಜಿನ್ ಅಲ್ಲೇ ನಡುಗಲು ಶುರುವಾಯಿತು. ಕ್ಯಾಪ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟರೆ, ವೈರಿಗೆ ಕರೆಂಟು ಕೊಡುವ ಎರಡು ಲೋಹದ ಕಂಬಗಳ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ. ಕೂದಲೆಳೆಯ ಬಿರುಕು, ಅದರಲ್ಲಿ ಕೂತ ಕಾರ್ಬನ್. ಕರೆಂಟು ಪ್ಲಗ್ಗಿಗೆ ಹೋಗುವ ಬದಲು ಆ ಗೆರೆ ಹಿಡಿದು ಪಕ್ಕಕ್ಕೆ ಹೋಗುತ್ತಿತ್ತು.

ಘಾಟಿಯಲ್ಲೇ ಯಾಕೆ ಎಂದು ಕೇಳಿದ್ದೀರಲ್ಲ, ಉತ್ತರ ಇಲ್ಲಿದೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿರುತ್ತೀರಿ. ಸಿಲಿಂಡರಿನೊಳಗೆ ಒತ್ತಡ ಜಾಸ್ತಿ. ಆ ಒತ್ತಡದಲ್ಲಿ ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಆಗ ಅದು ಸುಲಭದ ದಾರಿ ಹುಡುಕುತ್ತದೆ. ಬಿರುಕು, ಒದ್ದೆ ವೈರ್, ಉಪ್ಪು ಕೂತ ಕ್ಯಾಪ್ ಸಿಕ್ಕರೆ ಅಲ್ಲೇ ಜಾರಿಕೊಳ್ಳುತ್ತದೆ. ಸಮತಟ್ಟಿನಲ್ಲಿ ಒತ್ತಡ ಕಡಿಮೆ, ಹಾಗಾಗಿ ಪ್ಲಗ್ ಹೇಗೋ ಹೊತ್ತಿಕೊಳ್ಳುತ್ತದೆ. ನಿಮ್ಮ ಮಂಚ, ನೀರು, ಸಾಮಾನು ಎಲ್ಲ ಸೇರಿದರೆ ಏರಿನಲ್ಲಿ ಲೋಡ್ ಇನ್ನೂ ಜಾಸ್ತಿ. ಮೇಲಾಗಿ ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ, ನೆಲಕ್ಕೆ ಹತ್ತಿರ. ಮಳೆಗಾಲದಲ್ಲಿ ಚಕ್ರ ಎರಚಿದ ನೀರು ಅಲ್ಲಿಗೇ ಬರುತ್ತದೆ. ಕರಾವಳಿಯ ಉಪ್ಪುಗಾಳಿ ಇದಕ್ಕೆ ಜೊತೆ. ಉಪ್ಪಿನ ಪಸೆ ಇದ್ದರೆ ಕರೆಂಟು ಸೋರುವುದು ಸುಲಭ.

ಹಾಗಾಗಿ ಮೊದಲು ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಹಿಡಿಯಿರಿ. ಮಿಸ್ ಇರುವಾಗಲೇ, ಒದ್ದೆ ಇರುವಾಗಲೇ. ಎಂಜಿನ್ ಆರಿಸಿ ಒಂದು ಪ್ಲಗ್ ವೈರ್ ತೆಗೆಯಿರಿ. ಅದರ ತುದಿಗೆ ಹಳೇ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹ ಎಂಜಿನ್ನಿಗೆ ತಾಗುವ ಹಾಗೆ ಗಟ್ಟಿಯಾಗಿ ಕಟ್ಟಿ, ಆಮೇಲೆ ಸ್ಟಾರ್ಟ್ ಮಾಡಿ. ಎಂಜಿನ್ ಮೊದಲಿಗಿಂತ ಜಾಸ್ತಿ ಕುಂಟಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಕಳ್ಳ ಅದೇ. ಓಡುವ ಎಂಜಿನ್ನಿನ ವೈರ್ ಕೈಯಲ್ಲಿ ಎಳೆಯಬೇಡಿ, ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಪೆಟ್ರೋಲ್ ವಾಸನೆ ಇದ್ದರೆ, ಒಲೆಯ ಸಿಲಿಂಡರ್ ಒಳಗಿದ್ದರೆ, ಈ ಕಿಡಿಯ ಪರೀಕ್ಷೆ ಮಾಡಲೇಬೇಡಿ.

ಸಿಲಿಂಡರ್ ಗೊತ್ತಾದ ಮೇಲೆ ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ಮಿಸ್ ಪ್ಲಗ್ಗಿನ ಜೊತೆ ಹೋದರೆ ಪ್ಲಗ್ ಹಾಳು. ಅಲ್ಲೇ ಉಳಿದರೆ ವೈರ್, ಕ್ಯಾಪ್, ಇಲ್ಲವೇ ಎಂಜಿನ್ ಒಳಗಿನ ತೊಂದರೆ. ಗ್ಯಾಪ್ ಕೂಡ ಅಳೆಯಿರಿ, ಸವೆದು ಅಗಲವಾದ ಗ್ಯಾಪ್ ಘಾಟಿಯಲ್ಲೇ ಕೈ ಕೊಡುತ್ತದೆ. ಪ್ಲಗ್ ತುದಿ ಮಸಿ ಹಿಡಿದು ಒಣಗಿದ್ದರೆ ಪೆಟ್ರೋಲ್ ಜಾಸ್ತಿ, ತೀರಾ ಬೆಳ್ಳಗಿದ್ದರೆ ಕಡಿಮೆ, ಎಣ್ಣೆ ಜಿಡ್ಡಿದ್ದರೆ ಒಳಗಿಂದ ಆಯಿಲ್ ಬರುತ್ತಿದೆ. ಕಾರ್ಬೊರೇಟರ್ ಕೆಟ್ಟರೆ ಸಾಮಾನ್ಯವಾಗಿ ಮೂರೂ ಸಿಲಿಂಡರಿಗೆ ತೊಂದರೆ. ಒಂದೇ ಸಿಲಿಂಡರ್ ಸತ್ತಿರುವಾಗ ಕಾರ್ಬೊರೇಟರ್ ಬದಲಿಸುವುದು ನನ್ನ ಪ್ರಕಾರ ಶುದ್ಧ ದಂಡ. ಕಿಡಿ ಸರಿ ಇದ್ದೂ ಆ ಸಿಲಿಂಡರ್ ಹೊತ್ತದಿದ್ದರೆ ಆಗ ಟ್ಯಾಪೆಟ್ (ವಾಲ್ವಿನ ಸಂದು), ಕಂಪ್ರೆಶನ್ (ಸಿಲಿಂಡರಿನ ಒತ್ತಡ) ನೋಡಿಸಿ. ಹೆಡ್ ಬಿಚ್ಚುವ ಮಾತು ಅದಾದ ಮೇಲೆ.

ಕ್ಯಾಪ್ ಬದಲಿಸುವುದಾದರೆ ಅದರೊಳಗೆ ತಿರುಗುವ ರೋಟರ್, ಮೂರು ಪ್ಲಗ್ ವೈರ್, ವೋಲ್ಟೇಜ್ ಏರಿಸುವ ಕಾಯಿಲಿನಿಂದ ಬರುವ ವೈರ್ ಎಲ್ಲ ಒಟ್ಟಿಗೆ ಹಾಕಿ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಹೊತ್ತುವ ಕ್ರಮ, 1-3-2. ವೈರ್ ಒಂದೊಂದಾಗಿ ಬದಲಿಸಿದರೆ ಅದಲುಬದಲಾಗುವುದಿಲ್ಲ.

ಪೆಟ್ರೋಲಿನ ಬಗ್ಗೆ ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಹಳೇ ಕಾರ್ಬೊರೇಟರಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ, ಹಳೇ ರಬ್ಬರ್ ಪೈಪ್ ಮೆತ್ತಗಾಗುತ್ತದೆ. ಪೈಪ್ ಬದಲಿಸಿ, ಅದು ಒಳ್ಳೆಯದೇ. ಆದರೆ ಮಳೆಗೆ ಜಾಸ್ತಿಯಾಗುವ ಮಿಸ್‌ಗೆ ಅದು ಕಾರಣ ಅಲ್ಲ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ನನ್ನ ಮಾತು ಕೇಳಿ. ಹೇಗೋ ಹತ್ತುತ್ತದಲ್ಲ ಎಂದು ಎರಡು ಸಿಲಿಂಡರಿನಲ್ಲಿ ದೇವಿಮನೆ ಹತ್ತಿಸಬೇಡಿ. ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ, ಎಂಜಿನ್ ಆಯಿಲ್ ತೆಳುವಾಗುತ್ತದೆ, ರಿಂಗ್ ಸವೆಯುತ್ತದೆ. ಇವತ್ತೇ ಆಯಿಲ್ ಅಳೆಯುವ ಕಡ್ಡಿ, ಡಿಪ್ ಸ್ಟಿಕ್, ಎಳೆದು ಮೂಸಿ. ಪೆಟ್ರೋಲ್ ವಾಸನೆ ಇದ್ದರೆ ಮಿಸ್ ಸರಿ ಮಾಡಿಸಿದ ಕೂಡಲೇ ಆಯಿಲ್ ಬದಲಿಸಿ, ಆಮೇಲೆ ಸಿರ್ಸಿಗೆ ಹೊರಡಿ.