ಓದುಗರ ಪ್ರಶ್ನೆ: ಬೆಣಚುಕಲ್ಲು ಇದ್ದಲ್ಲೆಲ್ಲ ಚಿನ್ನವಿರುತ್ತದೆಯೇ?

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಬೆಳ್ಳನೆಯ ಬೆಣಚುಕಲ್ಲು ಗೆರೆ ಎಳೆದಂತೆ ಹಾದುಹೋಗಿದೆ. ಹಟ್ಟಿಯ ಚಿನ್ನವೂ ಬೆಣಚುಕಲ್ಲಿನಲ್ಲೇ ಸಿಗುತ್ತದೆಂದು ಕೇಳಿದ್ದೇನೆ. ನಮ್ಮ ಕಲ್ಲಿನಲ್ಲೂ ಇರಬಹುದೇ? ಹಟ್ಟಿಯಲ್ಲಿ ಚಿನ್ನವಿದೆಯೆಂದು ಮೊದಲು ಕಂಡುಕೊಂಡವರು ಯಾರು?
– ಓದುಗರೊಬ್ಬರು, ಸಿಂಧನೂರು

ಉತ್ತರ: ಬೆಣಚುಕಲ್ಲಿಗಿಂತ ಮೊದಲು ಅದರ ಎರಡೂ ಮಗ್ಗುಲಿನ ಬಂಡೆಯನ್ನು ನೋಡಬೇಕು. ಹಟ್ಟಿಯಲ್ಲಿ ಆ ಬಂಡೆ ಕಪ್ಪು ಹಸಿರು ಬಣ್ಣದ್ದು. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಹರಿದ ಲಾವಾ, ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಮಾರ್ಪಟ್ಟದ್ದು. ಆ ಬಂಡೆ ಸೀಳಿದೆಡೆಯಲ್ಲಿ ಭೂಗರ್ಭದ ಬಿಸಿನೀರು, ಗಟ್ಟಿಯಾದಾಗ ಬೆಣಚುಕಲ್ಲಾಗುವ ಸಿಲಿಕಾವನ್ನೂ, ಗಂಧಕದೊಡನೆ ಬೆರೆತ ಚಿನ್ನವನ್ನೂ ಹೊತ್ತು ಮೇಲೇರಿತು. ಲಾವಾಶಿಲೆಯಲ್ಲಿ ಹೇರಳವಾಗಿರುವ ಕಬ್ಬಿಣವು ಗಂಧಕವನ್ನು ಸೆಳೆದುಕೊಂಡು ಪೈರೈಟ್‌ನಂಥ ಖನಿಜಗಳಾಯಿತು. ಜೊತೆಗಾರನನ್ನು ಕಳೆದುಕೊಂಡ ಚಿನ್ನ ಅಲ್ಲಿಯೇ ಉಳಿಯಿತು. ಕಬ್ಬಿಣ ಕಡಿಮೆಯಿರುವ ಗ್ರಾನೈಟ್‌ನಲ್ಲಿ ಹಾಲಿನಂತೆ ಬೆಳ್ಳಗಿರುವ ಬೆಣಚುಕಲ್ಲು ಬಹುಮಟ್ಟಿಗೆ ಬರಿಗಲ್ಲೇ. ಹಟ್ಟಿಯ ಅದಿರಿನ ಎಳೆಗಳು ಅದಕ್ಕಿಂತ ಮಬ್ಬು ಬಣ್ಣದವು, ಪದರಪದರವಾಗಿರುವಂಥವು. ಕಣ್ಣಿಗೆ ಅಷ್ಟೇನೂ ಚೆಲುವಲ್ಲ.

ಮೊದಲು ಕಂಡುಕೊಂಡವರ ಹೆಸರು ಉಳಿದಿಲ್ಲ, ಅವರು ತೋಡಿದ ಗುಂಡಿಗಳು ಉಳಿದಿವೆ. ಹಳೆಯ ಗಣಿಯೊಳಗೆ ದೊರೆತ ಮರದ ತುಂಡುಗಳ ಇಂಗಾಲ ಪರೀಕ್ಷೆ ಸುಮಾರು ಎರಡು ಸಾವಿರ ವರ್ಷಗಳ ಪ್ರಾಯವನ್ನು ತೋರಿಸಿತು. ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರಚಿ, ಬಿರುಕುಬಿಟ್ಟ ಕಲ್ಲನ್ನು ಕಿತ್ತು, ಆ ಜನ 600 ಅಡಿಗೂ ಆಳಕ್ಕೆ ಇಳಿದಿದ್ದರು. ಸಿಡಿಮದ್ದಿಲ್ಲದ ಕಾಲದಲ್ಲಿ ಇದು ನಂಬಲಸಾಧ್ಯವಾದ ಸಾಹಸವೆಂದೇ ನನಗೆ ತೋರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ನಿಜಾಮರ ಆಳ್ವಿಕೆಯಲ್ಲಿ ಬಂದ ಕಂಪನಿಯವರಿಗೂ ಈ ಗುಂಡಿಗಳೇ ದಾರಿ ತೋರಿಸಿದವು. ಆ ಕೆಲಸ ನಿಂತುಹೋದ ಮೇಲೆ 1947ರಲ್ಲಿ ಹೊಸ ಕಂಪನಿ ಸ್ಥಾಪನೆಯಾಯಿತು. ಗಣಿ ಇಂದಿಗೂ ನಡೆಯುತ್ತಿದೆ. ನಿಮಗೆ ಹತ್ತಿರದ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಪತ್ತೆಹಚ್ಚಿದ ಬೀಡನ್ ಅವರೂ ಚಿನ್ನದ ಗಣಿಯ ಎಂಜಿನಿಯರರೇ ಎಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ನಿಮ್ಮ ಬದುವಿನ ಕಲ್ಲು. ಮಗ್ಗುಲಿನ ಬಂಡೆ ಕೆಂಪು ಅಥವಾ ಬೂದು ಗ್ರಾನೈಟ್ ಆಗಿದ್ದರೆ ಆಸೆ ಇಟ್ಟುಕೊಳ್ಳಬೇಡಿ. ಕಪ್ಪು ಹಸಿರು ಬಂಡೆಯಾಗಿದ್ದು, ಬೆಣಚುಕಲ್ಲಿನಲ್ಲಿ ತುಕ್ಕಿನ ಬಣ್ಣದ ಕಲೆಗಳೂ ಸಣ್ಣ ಪೊಳ್ಳುಗಳೂ ಇದ್ದರೆ, ನಾಲ್ಕಾರು ಕಡೆಯ ಚೂರುಗಳನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಒಯ್ದು ತೋರಿಸಿ.