ಜರ್ಮನಿಯಲ್ಲಿರುವ ಮಗ ದುಡ್ಡು ಕಳಿಸಲು ಐಬಾನ್ ಕೇಳುತ್ತಿದ್ದಾನೆ. ನನ್ನ ಎಸ್‌ಬಿಐ ಖಾತೆಯ ಐಬಾನ್ ಎಲ್ಲಿ ಸಿಗುತ್ತದೆ?

ಸರ್, ಐಬಾನ್ ಹುಡುಕುವುದನ್ನು ಇವತ್ತೇ ಬಿಟ್ಟುಬಿಡಿ. ಐಬಾನ್ ಅಂದರೆ ದೇಶ, ಬ್ಯಾಂಕ್, ಖಾತೆ ಎಲ್ಲ ಒಂದರಲ್ಲೇ ಸೇರಿದ ಉದ್ದನೆಯ ನಂಬರ್, ಯೂರೋಪಿನಲ್ಲಿ ಬಳಸುತ್ತಾರೆ. ಭಾರತದ ಯಾವ ಖಾತೆಗೂ ಅದು ಇಲ್ಲ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾದಲ್ಲೂ ಇಲ್ಲ. ಖಾತೆ ನಂಬರಿನ ಮುಂದೆ 'ಐಎನ್' ಸೇರಿಸಿ ನೀವೇ ಒಂದನ್ನು ಕಟ್ಟಲು ಮಾತ್ರ ಹೋಗಬೇಡಿ.

ನಿಮ್ಮ ಮಗ ಬಹುಶಃ ಯೂರೋಪಿನೊಳಗೆ ದುಡ್ಡು ಕಳಿಸುವ 'ಸೆಪಾ' ಪುಟದಲ್ಲೇ ನಿಂತಿದ್ದಾನೆ. ಅಲ್ಲಿ ಐಬಾನ್ ಇಲ್ಲದೆ ಮುಂದೆ ಹೋಗಲು ಬಿಡುವುದಿಲ್ಲ. ಅದೇ ಆ್ಯಪಿನಲ್ಲಿ ಹೊರದೇಶಕ್ಕೆ ಕಳಿಸುವ ಆಯ್ಕೆ ಬೇರೆ ಇದೆಯಾ ಅಂತ ನೋಡಲು ಹೇಳಿ. ಅಲ್ಲಿ ಐಬಾನ್ ಬದಲು ಖಾತೆ ನಂಬರ್ ಮತ್ತು ಸ್ವಿಫ್ಟ್ ಕೋಡ್ (ಹೊರದೇಶದ ವರ್ಗಾವಣೆಗೆ ಬ್ಯಾಂಕನ್ನು ಗುರುತಿಸುವ ಕೋಡ್) ಸಾಕು.

ಪಾಸ್‌ಬುಕ್ಕಿನಲ್ಲಿ 11 ಅಂಕಿ, ಆನ್‌ಲೈನ್ ಸ್ಟೇಟ್‌ಮೆಂಟಿನಲ್ಲಿ 17 ಅಂಕಿ ಯಾಕೆ ಅಂತಲೂ ಕೇಳಿದ್ದೀರಿ. ಎರಡೂ ಒಂದೇ. ಮುಂದೆ ಆರು ಸೊನ್ನೆ ಸೇರಿದೆ ಅಷ್ಟೆ, ಎಣಿಸಿ ನೋಡಿ. 11 ಅಂಕಿಯದ್ದನ್ನೇ ಕೊಡಿ. ಚೆಕ್ಕಿನ ಕೆಳಗಿನ ಸಾಲಿನಿಂದ ಮಾತ್ರ ಖಾತೆ ನಂಬರ್ ಎತ್ತಬೇಡಿ. ಅಲ್ಲಿರುವುದು ಚೆಕ್ ನಂಬರ್, ಬ್ಯಾಂಕ್ ಶಾಖೆಯ ಗುರುತಾದ 9 ಅಂಕಿಯ ಎಂಐಸಿಆರ್ ಮುಂತಾದವು. ಬೆಂಗಳೂರಿನದ್ದಾದರೆ ಎಂಐಸಿಆರ್ 560ರಿಂದ ಶುರು, ಪಿನ್‌ಕೋಡಿನ ಹಾಗೇ.

ಈಗ ಸ್ವಿಫ್ಟ್ ಜಾಗದಲ್ಲಿ ಐಎಫ್‌ಎಸ್‌ಸಿ ಹಾಕಿದರೆ ಆ್ಯಪ್ 'ತಪ್ಪು' ಅನ್ನುವ ವಿಷಯ. ಐಎಫ್‌ಎಸ್‌ಸಿ ಅಂದರೆ ದೇಶದೊಳಗಿನ ವರ್ಗಾವಣೆಗೆ ಶಾಖೆಯನ್ನು ಗುರುತಿಸುವ ಕೋಡ್. ಇದರಲ್ಲಿ ತುಂಬಾ ಜನ ಎಡವುತ್ತಾರೆ, ಯಾಕೆಂದರೆ ಐಎಫ್‌ಎಸ್‌ಸಿ 11 ಅಕ್ಷರ, ಸ್ವಿಫ್ಟ್ ಕೋಡೂ 8 ಅಥವಾ 11 ಅಕ್ಷರ. ಮೊದಲ ನಾಲ್ಕು ಅಕ್ಷರವೂ ಹಲವು ಬ್ಯಾಂಕುಗಳಲ್ಲಿ ಒಂದೇ. ಸ್ಟೇಟ್ ಬ್ಯಾಂಕಿನ ಐಎಫ್‌ಎಸ್‌ಸಿ 'ಎಸ್‌ಬಿಐಎನ್' ಅಂತ ಶುರುವಾಗುತ್ತದೆ, ಐದನೆಯದು ಸೊನ್ನೆ, ಉಳಿದ ಆರು ಶಾಖೆಯ ಗುರುತು. ಸ್ವಿಫ್ಟ್ ಕೋಡೂ 'ಎಸ್‌ಬಿಐಎನ್' ಅಂತಲೇ ಶುರು. ಆದರೆ ಐದು-ಆರನೇ ಜಾಗದಲ್ಲಿ ದೇಶದ ಗುರುತು 'ಐಎನ್' ಬರಬೇಕು, ಆಮೇಲೆ 'ಬಿಬಿ'. ದೇಶ ಇರಬೇಕಾದ ಕಡೆ ಸೊನ್ನೆ ಕಂಡರೆ ಜರ್ಮನಿಯ ಆ್ಯಪ್ ಒಪ್ಪುತ್ತದಾ? ನಿಮ್ಮ ಶಾಖೆಗೆ ಸ್ವಂತ ಸ್ವಿಫ್ಟ್ ಕೋಡ್ ಇರಲೇಬೇಕೆಂದಿಲ್ಲ. 'ಹೊರದೇಶದಿಂದ ದುಡ್ಡು ಬರಬೇಕು, ಯಾವ ಸ್ವಿಫ್ಟ್ ಕೋಡ್ ಕೊಡಲಿ' ಅಂತ ಬ್ರಾಂಚಿನಲ್ಲೇ ಕೇಳಿ. ಐಎಫ್‌ಎಸ್‌ಸಿಯೂ ವ್ಯರ್ಥವಲ್ಲ, ಅದನ್ನು ಶಾಖೆಯ ಹೆಸರಿನ ಜೊತೆ ಅಥವಾ ವಿವರದ ಸಾಲಿನಲ್ಲಿ ಬರೆಯಲಿ.

ನಿಮ್ಮದು ಮೊದಲು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಶಾಖೆ ಅಂದಿರಿ. ಆ ಬ್ಯಾಂಕ್ 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಸೇರಿತು. ಬೀರುವಿನಲ್ಲಿರುವ ಹಳೇ ಚೆಕ್‌ಬುಕ್ ನೋಡಿ 'ಎಸ್‌ಬಿಎಂವೈ' ಅಂತ ಕೋಡ್ ಕೊಟ್ಟೀರಿ, ಜೋಕೆ. ಸಿಂಡಿಕೇಟ್ ಬ್ಯಾಂಕಿನವರದ್ದೂ ಇದೇ ಕತೆ, 'ಎಸ್‌ವೈಎನ್‌ಬಿ' ಕೋಡುಗಳು 2021ರ ಜುಲೈ 1ರಿಂದ ನಿಂತುಹೋದವು. ಆ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿದ್ದರಿಂದ ಈಗ ಕೆನರಾದ ಕೋಡ್ ಬೇಕು.

ಕೋಡ್ ತಪ್ಪಾದರೆ ಸಾಮಾನ್ಯವಾಗಿ ದುಡ್ಡು ಹೊರಡುವುದೇ ಇಲ್ಲ. ಖಾತೆ ನಂಬರ್ ತಪ್ಪಾದರೆ ನೋಡಿ, ಅಲ್ಲಿದೆ ತಲೆನೋವು. ನಾನು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುವವನು. ನಮ್ಮ ದೇಶದಲ್ಲಿ ಖಾತೆ ನಂಬರಿಗೆ ಒಂದೇ ಅಳತೆ ಇಲ್ಲ. ಐಸಿಐಸಿಐ 12 ಅಂಕಿ, ಎಚ್‌ಡಿಎಫ್‌ಸಿ 14, ಆಕ್ಸಿಸ್ 15, ಪಂಜಾಬ್ ನ್ಯಾಷನಲ್ 16. ಒಮ್ಮೆ ಸಂಬಳದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿದೆ. ಹೊಸದಾಗಿ ಸೇರಿದ ಹುಡುಗನದ್ದು 16 ಅಂಕಿಯ ಖಾತೆ. ಟೈಪ್ ಮಾಡಿದ್ದು ಸರಿಯಾಗಿಯೇ ಇತ್ತು. ಆದರೆ ಎಕ್ಸೆಲ್ 15 ಅಂಕಿ ಮಾತ್ರ ನೆನಪಿಡುತ್ತದೆ, ಆಮೇಲಿನದ್ದನ್ನು ಸೊನ್ನೆ ಮಾಡಿಬಿಡುತ್ತದೆ. ಅವನ ಕೊನೆಯ 7 ಹೋಗಿ 0 ಆಗಿತ್ತು. ದುಡ್ಡು ಅದೇ ಬ್ರಾಂಚಿನ ಇನ್ಯಾರದ್ದೋ ಖಾತೆಗೆ ಬಿತ್ತು! ಅವರು ಒಪ್ಪದೆ ಬ್ಯಾಂಕಿನವರು ವಾಪಸ್ ತೆಗೆಯುವ ಹಾಗಿಲ್ಲ. ಮೂರು ವಾರ ಓಡಾಡಿದೆ. ಹುಡುಗನಿಗೆ ಅಷ್ಟು ದಿನ ಕೈಯಿಂದ ಕೊಟ್ಟೆ. ಅವತ್ತಿನಿಂದ ಆ ಕಾಲಂ ಅನ್ನು 'ಟೆಕ್ಸ್ಟ್' ಮಾಡದೆ ಒಂದು ನಂಬರೂ ಹೊಡೆಯುವುದಿಲ್ಲ.

ಹೆಸರು ಸರಿಯಿತ್ತಲ್ಲ ಅಂತ ನೀವು ಕೇಳಬಹುದು, ನಾನೂ ಬ್ಯಾಂಕಿನಲ್ಲಿ ಅದನ್ನೇ ಕೇಳಿದ್ದೆ. ಆನ್‌ಲೈನ್ ವರ್ಗಾವಣೆಯಲ್ಲಿ ಖಾತೆ ನಂಬರ್ ನೋಡಿಯೇ ಜಮಾ ಮಾಡಬಹುದು ಅಂತ ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಹೆಸರು ಸುಮ್ನೆ ಜೊತೆಗೆ ಹೋಗುತ್ತದೆ. ಒಳದೇಶದ ವರ್ಗಾವಣೆಗಳಾದ ನೆಫ್ಟ್, ಆರ್‌ಟಿಜಿಎಸ್‌ಗೆ ದುಡ್ಡು ಕಳಿಸುವ ಮೊದಲೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯ ಕೊಡಲು ಬ್ಯಾಂಕುಗಳಿಗೆ ಇದ್ದ ಗಡುವು 2025ರ ಏಪ್ರಿಲ್ 1. ಇದಕ್ಕೆ ಚಾರ್ಜ್ ಇಲ್ಲ. ದಯವಿಟ್ಟು ಬಳಸಿ.

ಈ ವಿಷಯದಲ್ಲಿ ಐಬಾನ್ ಜಾಣ ಅಂತಲೇ ಹೇಳಬೇಕು. ಜರ್ಮನಿಯದ್ದು 22 ಅಕ್ಷರ: ದೇಶದ ಗುರುತು 'ಡಿಇ', ತಪ್ಪು ಹಿಡಿಯುವ ಎರಡು ಕಾವಲು ಅಂಕಿ, 8 ಅಂಕಿಯ ಬ್ಯಾಂಕ್ ನಂಬರ್, 10 ಅಂಕಿಯ ಖಾತೆ ನಂಬರ್. ಎಲ್ಲ ಕಡೆ ಮಾದರಿಗೆ ತೋರಿಸುವ ಒಂದು ನಂಬರಿದೆ: ಡಿಇ89 3704 0044 0532 0130 00. ಮೊದಲ ನಾಲ್ಕನ್ನು ಕಿತ್ತು ಕೊನೆಗೆ ಹಾಕಿ. 'ಡಿ' ಬದಲು 13, 'ಇ' ಬದಲು 14 ಬರೆಯಿರಿ. 370400440532013000131489 ಆಯಿತಲ್ವಾ? ಇದನ್ನು 97ರಿಂದ ಭಾಗಿಸಿದರೆ 1 ಉಳಿಯಬೇಕು, ಉಳಿಯುತ್ತದೆ. ನಾನು ಒಂದು ಭಾನುವಾರ ಪೇಪರ್ ಮೇಲೆ ಮಾಡಿ ನೋಡಿದೆ. ಒಂದೇ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ, ಆ್ಯಪ್ ಅಲ್ಲೇ ತಡೆಯುತ್ತದೆ. ನಿಮ್ಮ 11 ಅಂಕಿಗೆ ಮಗನ ಆ್ಯಪಿನಲ್ಲಿ ಅಂಥ ಪರೀಕ್ಷೆ ಇಲ್ಲ.

ಹಾಗಾಗಿ ನಂಬರನ್ನು ಫೋನಿನಲ್ಲಿ ಬಾಯಲ್ಲಿ ಹೇಳಬೇಡಿ. ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಮಗನಿಗೆ ಕಳಿಸಿ, ಸ್ವಿಫ್ಟ್ ಕೋಡ್ ಬೇರೆ ಬರೆದು ಕಳಿಸಿ. ಕಾರಣದ ಜಾಗದಲ್ಲಿ ಮನೆ ಖರ್ಚಿಗೆ ಅಂತ ಹಾಕಲಿ, ನಮ್ಮ ಬ್ಯಾಂಕಿನವರು ಕೇಳಿದರೆ ಕುಟುಂಬ ನಿರ್ವಹಣೆಯ ಕೋಡ್ ಪಿ1301. ಚಾರ್ಜಿನ ಆಯ್ಕೆಯಲ್ಲಿ 'ಶಾ' (SHA) ಅಂದರೆ ಖರ್ಚು ಇಬ್ಬರಿಗೂ ಹಂಚಿಕೆ, ಮಧ್ಯದ ಬ್ಯಾಂಕ್ ಸ್ವಲ್ಪ ಕಡಿದುಕೊಂಡು ನಿಮಗೆ ಕಡಿಮೆ ಬರಬಹುದು. 'ಅವರ್' (OUR) ಅಂದರೆ ಪೂರ್ತಿ ಕಳಿಸುವವರದ್ದು. ಒಳದೇಶದ ಹಾಗೆ ಮೊದಲು ಒಂದು ರೂಪಾಯಿ ಹಾಕಿ ನೋಡುವ ಉಪಾಯ ಇಲ್ಲಿ ನಡೆಯುವುದಿಲ್ಲ, ಚಾರ್ಜೇ ಅದಕ್ಕಿಂತ ಜಾಸ್ತಿ ಆಗುತ್ತದೆ.