ಗುಂಡ ಬಾಗಿಲಲ್ಲಿ ಸುಮ್ನೆ ಕೂತಿಲ್ಲ

ಪ್ರಶ್ನೆ: ಮೇಡಂ, ಬೆಂಗಳೂರಿನಲ್ಲಿ ಎರಡು ರೂಮಿನ ಫ್ಲ್ಯಾಟ್ ನಮ್ಮದು. ಗುಂಡ, ಚಿನ್ನಿ, ಮುದುಕಿ ಕರಿಯಮ್ಮ ಅಂತ ಮೂರು ಬೆಕ್ಕುಗಳಿವೆ, ಮೂರೂ ಮನೆಯೊಳಗೇ ಇರುತ್ತವೆ. ಗುಂಡ, ಚಿನ್ನಿ ಒಂದೇ ತಾಯಿಯ ಮರಿಗಳು, ಒಂದೇ ಬುಟ್ಟಿಯಲ್ಲಿ ಮಲಗುತ್ತಿದ್ದವರು. ಎರಡು ತಿಂಗಳ ಹಿಂದೆ ಚಿನ್ನಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ, ಮೂರು ದಿನ ಆಸ್ಪತ್ರೆಯಲ್ಲಿಟ್ಟು ಕರೆತಂದೆವು. ಗುಂಡ ಅವಳನ್ನು ನೋಡಿದ್ದೇ ಬುಸ್ ಅಂದ, ಒಂದು ವಾರ ಅಟ್ಟಾಡಿಸಿದ. ಈಗ ಜಗಳವಿಲ್ಲ. ಆದರೆ ಚಿನ್ನಿ ಹಾಸಿಗೆ ಮೇಲೆ, ಒಗೆದ ಬಟ್ಟೆ ರಾಶಿ ಮೇಲೆ ಉಚ್ಚೆ ಮಾಡುತ್ತಾಳೆ. ಯುಟಿಲಿಟಿಯಲ್ಲಿ ದೊಡ್ಡ ಲಿಟರ್ ಟ್ರೇ (ಬೆಕ್ಕುಗಳ ಕಕ್ಕಸಿನ ತಟ್ಟೆ) ಇದೆ, ದಿನಾ ಫಿನಾಯಿಲ್ ಹಾಕಿ ತೊಳೆಯುತ್ತೇನೆ. ಗುಂಡ ಪಾಪ, ಆ ಬಾಗಿಲಲ್ಲೇ ಸುಮ್ನೆ ಕೂತಿರುತ್ತಾನೆ. ಆಪರೇಷನ್ ಮಾಡಿಸಿದ್ದಕ್ಕೆ ಚಿನ್ನಿ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಅಂತ ಅತ್ತೆ ಹೇಳುತ್ತಾರೆ. ಹೌದಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಸೇಡಲ್ಲ. ಅತ್ತೆಗೆ ಹಾಗಂತ ನೀವೇ ಹೇಳಿ, ನನ್ನ ಹೆಸರು ತರಬೇಡಿ.

ಮೊದಲು ಚಿನ್ನಿಯನ್ನು ಡಾಕ್ಟರಿಗೆ ತೋರಿಸಿ ಉಚ್ಚೆ ಪರೀಕ್ಷೆ ಮಾಡಿಸಿ. ಮೂತ್ರಕೋಶದಲ್ಲಿ ಉರಿ, ನೋವು ಇದ್ದರೂ ಬೆಕ್ಕುಗಳು ಟ್ರೇ ಬಿಟ್ಟು ಮೆತ್ತನೆಯ ಜಾಗ ಹುಡುಕುತ್ತವೆ. ಅದೇನೂ ಇಲ್ಲ ಅಂತಾದ ಮೇಲೆ ನಿಮ್ಮ ಪತ್ರದ ಒಂದು ಸಾಲಿಗೆ ಬರೋಣ. ಗುಂಡ ಬಾಗಿಲಲ್ಲಿ ಸುಮ್ನೆ ಕೂತಿರುತ್ತಾನೆ ಅಂದಿರಲ್ಲ, ಅವನು ಸುಮ್ನೆ ಕೂತಿಲ್ಲ. ಕಾವಲು ಕೂತಿದ್ದಾನೆ.

ಬೆಕ್ಕುಗಳ ಜಗಳ ಅಂದರೆ ಉಗುರು, ಕಿರುಚಾಟ, ಹಾರಾಡುವ ಕೂದಲು ಅಂದುಕೊಳ್ಳುತ್ತೇವೆ. ಅದು ಅಪರೂಪ. ಜಾಸ್ತಿ ನಡೆಯುವುದು ಸದ್ದೇ ಇಲ್ಲದ ಜಗಳ: ಒಂದು ಬೆಕ್ಕು ದಾರಿಗೆ ಅಡ್ಡ ಕೂತು ಕಣ್ಣು ಮಿಟುಕಿಸದೆ ದಿಟ್ಟಿಸುತ್ತದೆ, ಇನ್ನೊಂದು ಬಾಗಿಲ ತನಕ ಬಂದು, ಏನೋ ನೆನಪಾದವರ ಹಾಗೆ ಕಾಲು ನೆಕ್ಕಿಕೊಂಡು, ವಾಪಸ್ ಹೋಗುತ್ತದೆ. ನಮಗೆ ಮನೆ ಶಾಂತವಾಗಿದೆ ಅನ್ನಿಸುತ್ತದೆ. ಚಿನ್ನಿಗೆ ಮಾತ್ರ ಕಕ್ಕಸಿಗೆ ಹೋಗಲು ದಾರಿಯಿಲ್ಲ. ನಿಮ್ಮ ಹಾಸಿಗೆ ಎತ್ತರದಲ್ಲಿದೆ, ಅಲ್ಲಿಂದ ನಾಲ್ಕೂ ಕಡೆ ಕಾಣುತ್ತದೆ, ಯಾರಾದರೂ ಬಂದರೆ ಓಡಬಹುದು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಆರಿಸುತ್ತಿದ್ದೆ.

ಗುಂಡ ಕೆಟ್ಟವನಾ? ಅವನದೂ ತಪ್ಪಿಲ್ಲ. ಬೆಕ್ಕುಗಳ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಕುರ್ಚಿ ಕಾಲಿಗೆ, ನಿಮ್ಮ ಕಾಲಿಗೆ, ಒಂದಕ್ಕೊಂದು ಕೆನ್ನೆ ಉಜ್ಜಿ ಉಜ್ಜಿ ಇಡೀ ಮನೆಗೆ ಒಂದೇ ವಾಸನೆ ಬರಿಸಿಕೊಂಡಿರುತ್ತವೆ. ಆ ವಾಸನೆ ಇದ್ದವರು ಮನೆಯವರು. ಚಿನ್ನಿ ಮೂರು ದಿನ ಬಿಟ್ಟು ಸ್ಪಿರಿಟ್ಟು, ಔಷಧಿ, ಬೇರೆ ನಾಯಿ ಬೆಕ್ಕುಗಳ ವಾಸನೆ ಹೊತ್ತು ಬಂದಳು. ಕಣ್ಣಿಗೆ ತಂಗಿ, ಮೂಗಿಗೆ ಯಾರೋ. ಬೆಕ್ಕು ನಂಬುವುದು ಮೂಗನ್ನು. ಆಸ್ಪತ್ರೆಯಿಂದ ಬಂದವಳನ್ನು ಒಂದು ದಿನ ಬೇರೆ ರೂಮಿನಲ್ಲಿಟ್ಟು, ಮನೆಯ ಹಳೇ ಹೊದಿಕೆ ಮೇಲೆ ಮಲಗಿಸಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ. ಇರಲಿ, ನನಗೂ ಇದು ಗೊತ್ತಾಗಿದ್ದು ನಮ್ಮ ಮನೆಯಲ್ಲಿ ಎರಡು ಸೋಫಾ ಹಾಳಾದ ಮೇಲೆ.

ಈಗ ಏನು ಮಾಡುವುದು? ಟ್ರೇ ಜಾಸ್ತಿ ಮಾಡಿ. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಹೆಚ್ಚು ಅನ್ನುವುದು ಲೆಕ್ಕ, ಅಂದರೆ ನಿಮಗೆ ನಾಲ್ಕು. ಎರಡು ರೂಮಿನ ಮನೆಯಲ್ಲಿ ನಾಲ್ಕಾ ಅಂತ ಬೈಯಬೇಡಿ, ಮೂರಾದರೂ ಇಡಿ, ಆದರೆ ಬೇರೆ ಬೇರೆ ಜಾಗದಲ್ಲಿ. ಸಾಲಾಗಿ ಯುಟಿಲಿಟಿಯಲ್ಲೇ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ, ಗುಂಡ ಒಬ್ಬನೇ ಎಲ್ಲವನ್ನೂ ಕಾಯಬಹುದು. ಅಂಗಡಿಯ ದುಬಾರಿ ಟ್ರೇ ಬೇಕಿಲ್ಲ, ಅಗಲವಾದ ಪ್ಲಾಸ್ಟಿಕ್ ಟಬ್ ಸಾಕು. ಕರಿಯಮ್ಮನಿಗೆ ವಯಸ್ಸಾಗಿದೆ, ಅವಳದಕ್ಕೆ ಅಂಚು ತಗ್ಗಾಗಿರಲಿ. ಊಟದ ತಟ್ಟೆಗಳನ್ನೂ ದೂರ ದೂರ ಇಡಿ. ಬೆಕ್ಕಿನ ಮೂಲ ಆಫ್ರಿಕಾದ ಕಾಡುಬೆಕ್ಕು, ಒಂಟಿಯಾಗಿ ಇಲಿ ಹಿಡಿದು ಒಂಟಿಯಾಗಿ ತಿನ್ನುವ ಜಾತಿ. ಪಂಕ್ತಿಭೋಜನ ಅದಕ್ಕೆ ಹಿಂಸೆ. ಬೀರು ಮೇಲೆ, ಸಜ್ಜಾ ಮೇಲೆ ಚಿನ್ನಿ ಹತ್ತಿ ಇಳಿಯಲು ಎರಡು ದಾರಿ ಮಾಡಿಕೊಡಿ. ನೆಲದ ಮೇಲೆ ಪಾಲಾಗದ ಮನೆ ಎತ್ತರದಲ್ಲಿ ಪಾಲಾಗುತ್ತದೆ.

ಆ ಫಿನಾಯಿಲ್ ಇವತ್ತೇ ನಿಲ್ಲಿಸಿ, ಟ್ರೇಗೂ ಬೇಡ, ನೆಲಕ್ಕೂ ಬೇಡ. ಆ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಕಡಿಮೆ. ಒದ್ದೆ ನೆಲ ತುಳಿದು ಪಾದ ನೆಕ್ಕಿಕೊಂಡರೆ ಹೊಟ್ಟೆಗೆ ಹೋಗುತ್ತದೆ. ಮೇಲಾಗಿ ಆ ಘಾಟಿಗೆ ಟ್ರೇ ಹತ್ತಿರ ಬರಲೂ ಬೆಕ್ಕಿಗೆ ಮನಸ್ಸಾಗುವುದಿಲ್ಲ. ಟ್ರೇಯನ್ನು ಘಾಟಿಲ್ಲದ ಸೋಪಿನಲ್ಲಿ ತೊಳೆದರೆ ಸಾಕು. ಹಾಸಿಗೆಗೆ ಎನ್‌ಜೈಮ್ ಇರುವ ಕ್ಲೀನರ್ ಹಾಕಿ, ಇಲ್ಲದಿದ್ದರೆ ನಮಗೆ ಹೋದ ವಾಸನೆ ಅವಳಿಗೆ ಉಳಿದೇ ಇರುತ್ತದೆ.

ಕೊನೆಗೆ ಅಣ್ಣ ತಂಗಿಯನ್ನು ಹೊಸದಾಗಿ ಪರಿಚಯ ಮಾಡಿಸಿ. ಚಿನ್ನಿಗೆ ಕೆಲವು ದಿನ ಒಂದು ರೂಮು ಕೊಡಿ. ಬಟ್ಟೆ ತುಂಡಿನಿಂದ ಇವನ ಕೆನ್ನೆ ಒರೆಸಿ ಅವಳ ಹತ್ತಿರ ಇಡಿ, ಅವಳದು ಇವನ ಹತ್ತಿರ. ಮುಚ್ಚಿದ ಬಾಗಿಲ ಆಚೆ ಈಚೆ ಊಟ ಹಾಕಿ. ಇಬ್ಬರೂ ನೆಮ್ಮದಿಯಾಗಿ ತಿಂದರೆ ಬಾಗಿಲು ಒಂದು ಗೇಣು ತೆಗೆಯಿರಿ. ವಾರಗಟ್ಟಲೆ ಹಿಡಿಯಬಹುದು. ನಡುವೆ ಕಾದಾಟಕ್ಕೆ ಬಿದ್ದರೆ ಕೈ ಹಾಕಬೇಡಿ, ದಿಂಬೋ ರಟ್ಟೋ ಅಡ್ಡ ಹಿಡಿಯಿರಿ. ಮೊದಲಿನ ಹಾಗೆ ಒಂದೇ ಬುಟ್ಟಿಯಲ್ಲಿ ಮಲಗುತ್ತಾರೆ ಅಂತ ನಾನು ಮಾತು ಕೊಡಲಾರೆ. ಪಾಲಾದ ಅಣ್ಣತಮ್ಮಂದಿರು ಮುಖ ತಿರುಗಿಸದೆ ಒಂದೇ ಬಾವಿಯಲ್ಲಿ ನೀರು ಸೇದುವಷ್ಟಾದರೆ ಗೆದ್ದಿರಿ.

ಪ್ರಶ್ನೆ: ನಮ್ಮ ಗಂಡು ಬೆಕ್ಕು ನಿನ್ನೆಯಿಂದ ಹತ್ತು ಸಲ ಟ್ರೇಗೆ ಹೋಗಿ ಮುಕ್ಕರಿಸಿ ಬರುತ್ತದೆ, ಏನೂ ಆಗುವುದಿಲ್ಲ. ಮಲಬದ್ಧತೆ ಅಂತ ಹರಳೆಣ್ಣೆ ಕೊಡಬಹುದಾ? ಅಥವಾ ನೋವಿಗೆ ಅರ್ಧ ಪ್ಯಾರಾಸಿಟಮಾಲ್?
– ಓದುಗರು, ಹಾಸನ

ಉತ್ತರ: ಎರಡೂ ಬೇಡ. ಇವರಿಗೆ ಪತ್ರಿಕೆ ಅಚ್ಚಾಗುವ ತನಕ ಕಾಯದೆ ಫೋನಿನಲ್ಲೇ ಹೇಳಿದ್ದೇನೆ, ಬೇರೆಯವರಿಗೆ ಉಪಯೋಗವಾಗಲಿ ಅಂತ ಇಲ್ಲಿ ಹಾಕಿದೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು, ಅಲ್ಲಿ ಏನಾದರೂ ಸಿಕ್ಕಿಕೊಂಡು ಉಚ್ಚೆ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. ಬೆಳಗಾಗಲಿ ಅನ್ನಬೇಡಿ, ರಾತ್ರಿಯಾದರೂ ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿ. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಕೊಲ್ಲಬಹುದು.

ಪ್ರಶ್ನೆ: ನಾಲ್ಕು ಬೆಕ್ಕುಗಳೂ ಬೆಳಿಗ್ಗೆ ನಾಲ್ಕೂವರೆಗೆ ಮನೆಯೆಲ್ಲ ಓಡಿ, ನನ್ನ ಹೊಟ್ಟೆ ಮೇಲೆ ಹಾರಿ ಎಬ್ಬಿಸುತ್ತವೆ. ಎದ್ದು ಊಟ ಹಾಕಿ ಮತ್ತೆ ಮಲಗುತ್ತೇನೆ. ಇದಕ್ಕೇನು ಪರಿಹಾರ?
– ನಿದ್ದೆಗೆಟ್ಟವನು, ಧಾರವಾಡ

ಉತ್ತರ: ಬೆಕ್ಕು ಚುರುಕಾಗುವುದೇ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ, ಅದು ಹುಟ್ಟುಗುಣ. ಹೊಟ್ಟೆ ಮೇಲೆ ಹಾರುವುದನ್ನು ಮಾತ್ರ ನೀವೇ ಕಲಿಸಿದ್ದೀರಿ. ಹಾರಿದರೆ ಊಟ ಸಿಗುತ್ತದೆ ಅಂತಾದ ಮೇಲೆ ಯಾರು ಬಿಡುತ್ತಾರೆ? ರಾತ್ರಿ ಮಲಗುವ ಮುಂಚೆ ಕೋಲಿಗೆ ದಾರ ಕಟ್ಟಿ ಕಾಲು ಗಂಟೆ ಚೆನ್ನಾಗಿ ಓಡಿಸಿ, ಆಮೇಲೆ ಊಟ ಹಾಕಿ (ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗುತ್ತವೆ). ಬೆಳಿಗ್ಗೆ ಏನೇ ಆದರೂ ಏಳಬೇಡಿ, ಬೈಯಲೂ ಬೇಡಿ. ಮೊದಲ ವಾರ ಗಲಾಟೆ ಇನ್ನೂ ಜಾಸ್ತಿಯಾಗುತ್ತದೆ. ಆಗ ಒಂದು ದಿನ ಸೋತು ಎದ್ದಿರೋ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ದಪ್ಪ ರಜಾಯಿ ಹೊದ್ದುಕೊಳ್ಳಿ.